ಆಲ್ಡ್ರೆಟ್ ಸ್ಕೋರ್: ಆಪರೇಷನ್ ಮುಗಿದರೂ ಪೇಷಂಟ್ ಯಾಕೆ ಹೊರಗೆ ಬಂದಿಲ್ಲ?

"ಆಪರೇಷನ್ ಮುಗೀತ್ರಿ, ಎಲ್ಲಾ ಚಲೋ ಆಗೈತಿ" ಎಂದು ಡಾಕ್ಟರ್ ಹೇಳಿ ಹೋಗಿರುತ್ತಾರೆ. ಆಮೇಲೂ ಅರ್ಧ ಗಂಟೆ, ಒಂದು ಗಂಟೆ ಪೇಷಂಟ್ ಹೊರಗೆ ಬರುವುದಿಲ್ಲ. ಹುಬ್ಬಳ್ಳಿಯ ಕಿಮ್ಸ್ ಇರಲಿ, ಗದಗಿನ ಯಾವುದೋ ಸಣ್ಣ ನರ್ಸಿಂಗ್ ಹೋಮ್ ಇರಲಿ, ಓಟಿ ಬಾಗಿಲಲ್ಲಿ ನಿಂತವರ ಜೀವ ತಿನ್ನುವುದು ಈ ಹೊತ್ತೇ. ಒಳಗೆ ಏನೋ ಎಡವಟ್ಟಾಗಿದೆ ಅಂತಲೇ ಮನಸ್ಸು ಓಡುತ್ತದೆ. ಬಹಳಷ್ಟು ಸಲ ಅಲ್ಲಿ ನಡೆಯುತ್ತಿರುವುದು, ಅನಸ್ತೇಷಿಯಾದಿಂದ (ಅರಿವಳಿಕೆಯಿಂದ) ಪೇಷಂಟ್ ಎಷ್ಟು ಚೇತರಿಸಿಕೊಂಡಿದ್ದಾರೆ ಎಂದು ನೋಡಿ ಅಂಕ ಹಾಕುವ ಕೆಲಸ. ಆ ಅಂಕಕ್ಕೆ ಆಲ್ಡ್ರೆಟ್ ಸ್ಕೋರ್ ಅಂತ ಹೆಸರು.

ಆಲ್ಡ್ರೆಟ್ ಎಂಬ ಅನಸ್ತೇಷಿಯಾ ಡಾಕ್ಟರ್ 1970ರಲ್ಲಿ ಕ್ರೌಲಿಕ್ ಎಂಬವರ ಜೊತೆ ಸೇರಿ ಇದನ್ನು ಪ್ರಕಟಿಸಿದರು. ಹುಟ್ಟಿದ ಕೂಸಿಗೆ ಹಾಕುವ ಆಪ್ಗಾರ್ ಸ್ಕೋರ್ ಇದಕ್ಕೆ ಮಾದರಿ. ಕೈಕಾಲು ಆಡಿಸುವುದು, ಉಸಿರಾಟ, ಬಿಪಿ, ಎಚ್ಚರ, ಮೈಬಣ್ಣ, ಹೀಗೆ ಐದು ವಿಷಯ. ಒಂದೊಂದಕ್ಕೂ 0, 1 ಅಥವಾ 2. ಒಟ್ಟು 10. ಸಾಮಾನ್ಯವಾಗಿ 9 ಅಥವಾ 10 ಬಂದರೆ ರಿಕವರಿ ರೂಮಿನಿಂದ, ಅಂದರೆ ಆಪರೇಷನ್ ಆದಮೇಲೆ ಸ್ವಲ್ಪ ಹೊತ್ತು ಇಟ್ಟು ನೋಡುವ ಕೋಣೆಯಿಂದ, ವಾರ್ಡಿಗೆ. ಎಲ್ಲ ಆಸ್ಪತ್ರೆಯಲ್ಲೂ ಇದೇ ಹೆಸರಿನ ಹಾಳೆ ತುಂಬುತ್ತಾರೆ ಅಂತಲ್ಲ. ಆದರೆ ನೋಡುವುದು ಹೆಚ್ಚುಕಡಿಮೆ ಇವನ್ನೇ.

"ಅಜ್ಜಾರ, ಕಣ್ಣ ತೆಗೀರಿ. ಕೈ ಎತ್ತರಿ. ಒಂದ್ಸಲ ಜೋರಾಗಿ ಕೆಮ್ಮರಿ ನೋಡೂಣು" ಎಂದು ಸಿಸ್ಟರ್ ಕೂಗುವುದು ಸುಮ್ನೆ ಅಲ್ಲ. ಹೇಳಿದಾಗ ಎರಡು ಕೈ, ಎರಡು ಕಾಲು ಆಡಿಸಿದರೆ 2. ಆಳವಾಗಿ ಉಸಿರೆಳೆದು ಚೆನ್ನಾಗಿ ಕೆಮ್ಮಿದರೆ ಮತ್ತೆ 2. ಆಪರೇಷನ್‌ಗೆ ಮುಂಚಿನ ಬಿಪಿಗೂ ಈಗಿನದಕ್ಕೂ ಶೇಕಡಾ 20ರ ಒಳಗೆ ವ್ಯತ್ಯಾಸವಿದ್ದರೆ ಇನ್ನೊಂದು 2. ಕೆಮ್ಮಿಗೆ ಇಷ್ಟು ಬೆಲೆ ಯಾಕೆ ಅಂದರೆ, ಎಂಜಲೋ ವಾಂತಿಯೋ ಶ್ವಾಸನಾಳದ ಕಡೆ ಹೋದರೆ ಹೊರಗೆ ತಳ್ಳುವುದು ಅದೇ.

ಮೈಬಣ್ಣದ ಅಂಕ ಮೊದಲಿಂದಲೂ ಸ್ವಲ್ಪ ತಕರಾರಿನದು. ಮೈ ಗುಲಾಬಿ ಬಣ್ಣಕ್ಕಿದ್ದರೆ 2 ಎಂದು ಬರೆದಿದ್ದರು. ನಮ್ಮ ಕಡೆಯ ಮೈಬಣ್ಣದಲ್ಲಿ ಗುಲಾಬಿ ಎಲ್ಲಿ ಹುಡುಕುವುದು? ತುಟಿ, ನಾಲಿಗೆ, ಉಗುರು ನೋಡಬೇಕು ಅಷ್ಟೆ. 1995ರಲ್ಲಿ ಆಲ್ಡ್ರೆಟ್ ಅವರೇ ಇದನ್ನು ತೆಗೆದು, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಅಳತೆ ತಂದರು. ಹೊರಗಿನ ಆಮ್ಲಜನಕ ಕೊಡದೆಯೇ ರಕ್ತದಲ್ಲಿನ ಆಮ್ಲಜನಕದ ಮಟ್ಟ ಶೇಕಡಾ 92ಕ್ಕಿಂತ ಮೇಲಿದ್ದರೆ ಪೂರ್ತಿ ಅಂಕ. ಕೊರೋನಾ ಕಾಲದಲ್ಲಿ ಮನೆಮನೆಗೂ ಬಂತಲ್ಲ, ಅದೇ ಆಕ್ಸಿಮೀಟರ್.

ಇನ್ನು ಎಚ್ಚರ. ಮನೆಯವರು ಜಾಸ್ತಿ ಗಾಬರಿಯಾಗುವುದು ಇಲ್ಲಿಯೇ. ಕರೆದಾಗ ಕಣ್ಣು ಬಿಟ್ಟು ಮತ್ತೆ ಮುಚ್ಚಿದರೆ 1, ಪೂರ್ತಿ ಎಚ್ಚರವಿದ್ದರೆ 2. ಆದರೆ 2 ಬಂದವರಿಗೂ ಎಷ್ಟೋ ಸಲ ನೆನಪು ಇನ್ನೂ ನಿಂತಿರುವುದಿಲ್ಲ. ಹೊಟ್ಟೆ ಮೇಲೆ ಬ್ಯಾಂಡೇಜ್ ಇರುತ್ತದೆ, "ಆಪರೇಷನ್ ಯಾವಾಗ ಮಾಡ್ತಾರ?" ಎಂದು ಕೇಳುತ್ತಾರೆ. ಮುಗೀತು ಅಂತ ಹೇಳಿದ ಐದು ನಿಮಿಷಕ್ಕೆ ಮತ್ತದೇ ಪ್ರಶ್ನೆ. ಹೆದರಿಕೆ ಕಡಿಮೆಯಾಗಲೆಂದು ಕೊಡುವ ಮಿಡಜೋಲಮ್‌ನಂಥ ಔಷಧಿ ನೆನಪನ್ನೂ ಸ್ವಲ್ಪ ಹೊತ್ತು ತಡೆಯುತ್ತದೆ. ಸಣ್ಣ ಮಕ್ಕಳು ಅವ್ವನ ಗುರುತೂ ಹತ್ತದ ಹಾಗೆ ಚೀರಾಡಬಹುದು. ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ತಾನಾಗಿ ನಿಲ್ಲುತ್ತದೆ. ವಯಸ್ಸಾದವರಲ್ಲಿ ಗಲಿಬಿಲಿ ಒಂದೆರಡು ದಿನ ಕಾಣಬಹುದು. ಅದನ್ನು "ವಯಸ್ಸಾಗೇದ, ಬಿಡ್ರಿ" ಎನ್ನದೆ ಡಾಕ್ಟರ್‌ಗೆ ಹೇಳಿ. ಅವರ ಚಷ್ಮಾ, ಕಿವಿಯ ಮಷಿನ್ ಬೇಗ ಕೊಟ್ಟು, ಪರಿಚಯದವರು ಒಬ್ಬರು ಪಕ್ಕದಲ್ಲಿ ಕೂತರೆ ಎಷ್ಟೋ ಅನುಕೂಲ.

ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರೆ, ಅಂದರೆ ಸ್ಪೈನಲ್ ಕೊಟ್ಟಿದ್ದರೆ, ಲೆಕ್ಕ ಸ್ವಲ್ಪ ಬೇರೆ. ಸಿಸೇರಿಯನ್, ಹರ್ನಿಯಾಗೆಲ್ಲ ಹೆಚ್ಚಾಗಿ ಇದೇ. ಕೈ ಆಡುತ್ತವೆ, ಕಾಲು ಏಳುವುದಿಲ್ಲ, ಹಾಗಾಗಿ ಅಲ್ಲಿ 1 ಅಂಕ ಮಾತ್ರ. ಉಳಿದದ್ದೆಲ್ಲ ಸರಿಯಿದ್ದರೆ 9 ಆಗಿಯೇ ಬಿಡುತ್ತದೆ! ಅದಕ್ಕೇ ಎಷ್ಟೋ ಕಡೆ ಅಂಕ ಬಂದರೂ ಕಾಲಿನ ಬೆರಳು ಆಡಿಸುವವರೆಗೆ ಕಾಯುತ್ತಾರೆ. ಪೂರ್ತಿ ಶಕ್ತಿ ಬರಲು ಎರಡರಿಂದ ನಾಲ್ಕು ಗಂಟೆ ಬೇಕಾಗಬಹುದು. "ಕಾಲು ಹೋದ್ವು" ಎಂದು ಅಳುವುದು ಬೇಡ. ನಾಲ್ಕು ಗಂಟೆಯಾದರೂ ಕಾಲು ಎತ್ತಲು ಆಗದಿದ್ದರೆ ಮಾತ್ರ ಕೇಳಲೇಬೇಕು. ಮರುದಿನ ಎದ್ದು ಕೂತಾಗ ತಲೆ ಸಿಡಿದು, ಮಲಗಿದರೆ ಇಳಿದರೆ ಅದನ್ನೂ ಹೇಳಬೇಕು.

ಈ ಅಂಕಪಟ್ಟಿಯಲ್ಲಿ ಇಲ್ಲದ ಕಷ್ಟಗಳೂ ಇವೆ. ಓಟಿ ತಣ್ಣಗಿರುತ್ತದೆ, ಅನಸ್ತೇಷಿಯಾ ಔಷಧಿ ಮೈಶಾಖದ ಹಿಡಿತ ತಪ್ಪಿಸುತ್ತದೆ, ಹಾಗಾಗಿ ಹಲ್ಲು ಕಟಕಟ ಎನ್ನುವಷ್ಟು ನಡುಕ ಬರಬಹುದು. ಜ್ವರವಲ್ಲ, ಕಂಬಳಿ ಹೊದಿಸುತ್ತಾರೆ. ಗಂಟಲಿಗೆ ಟ್ಯೂಬ್ ಹಾಕಿದ್ದರೆ ಒಂದೆರಡು ದಿನ ಗಂಟಲು ಕೆರೆತ. ವಾಕರಿಕೆಗೆ ಇಂಜೆಕ್ಷನ್ ಇದೆ, ತಡೆದುಕೊಂಡು ಮಲಗಬೇಡಿ.

ಬಾಯಿ ಒಣಗಿ ನೀರು ಕೇಳಿದಾಗ ಮನೆಯವರ ಕರುಳು ತಡೆಯಲ್ಲ, ನಿಜ. ಆದರೂ ಸಿಸ್ಟರ್ "ಹೂಂ" ಅನ್ನುವ ತನಕ ಚಮಚೆ ನೀರೂ ಬೇಡ, ಎಳನೀರೂ ಬೇಡ. ತುಟಿ ಒದ್ದೆ ಮಾಡಲು ಹತ್ತಿ ಕೇಳಿ, ಕೊಡುತ್ತಾರೆ.

9 ಅಂಕ ಬಂದದ್ದು ವಾರ್ಡಿಗೆ ಹೋಗಲಿಕ್ಕೆ, ಮನೆಗೆ ಹೋಗಲಿಕ್ಕಲ್ಲ. ಬೆಳಿಗ್ಗೆ ಆಪರೇಷನ್, ಸಂಜೆ ಡಿಸ್ಚಾರ್ಜ್ ಅಂತಿದ್ದರೆ ನಡಿಗೆ, ವಾಂತಿ, ನೋವು, ರಕ್ತಸ್ರಾವ ಎಲ್ಲವನ್ನೂ ಬೇರೆಯಾಗಿ ನೋಡುತ್ತಾರೆ. ಆಮೇಲೂ 24 ಗಂಟೆ ಗಾಡಿ ಓಡಿಸಬಾರದು, ಆಸ್ತಿ ಕಾಗದಕ್ಕೆ ಸಹಿ ಹಾಕಬಾರದು, ಒಬ್ಬರೇ ಇರಬಾರದು. ರೋಣಕ್ಕೋ ಹಾನಗಲ್ಲಿಗೋ ವಾಪಸ್ ಹೋಗುವವರು ಬೈಕ್ ಹಿಂದೆ ಕೂರಿಸಿಕೊಂಡು ಹೋಗುವ ಪ್ಲಾನ್ ಹಾಕಿದ್ದರೆ, ಅದನ್ನು ಬಿಟ್ಟು ಕಾರು ನೋಡಿಕೊಳ್ಳಿ.