ವಿಶ್ವಬ್ಯಾಂಕ್ ಕೈಬಿಟ್ಟ ಸೈಟುಗಳು ಊರಾದ ಬಗೆ

ಚೆನ್ನೈನ ಅರುಂಬಾಕ್ಕಂ, ವಿಲ್ಲಿವಾಕ್ಕಂ, ಕೊಡುಂಗೈಯೂರು, ಮೊಗಪ್ಪೇರುಗಳಲ್ಲಿ ಈಗ ಓಡಾಡಿದರೆ ವಿಶೇಷವೇನೂ ಕಾಣದು. ಕೆಳಗೊಂದು ಅಂಗಡಿ, ಮೇಲೆ ಬಾಡಿಗೆ ಮನೆ, ಅದರ ಮೇಲೆ ಶೀಟು ಹೊದಿಸಿದ ಕೋಣೆ. ಅಲ್ಲಿನ ಎಷ್ಟೋ ಬೀದಿಗಳು ವಿಶ್ವಬ್ಯಾಂಕಿನ ಸಾಲದಲ್ಲಿ ಹುಟ್ಟಿದವು. ಆ ಬಗೆಯ ಯೋಜನೆಗಳು ‘ಸೋತವು’ ಎಂದೇ ಬ್ಯಾಂಕಿನಲ್ಲಿ ಒಂದು ಕಾಲಕ್ಕೆ ಎಣಿಸಿದ್ದರು.

ಅದಕ್ಕೂ ಮೊದಲು ಸರ್ಕಾರಗಳಿಗೆ ಗೊತ್ತಿದ್ದ ಮದ್ದು ಒಂದೇ: ಗುಡಿಸಲು ಕೆಡವು, ಫ್ಲಾಟು ಕಟ್ಟು. ತಮಿಳುನಾಡಿನ ಕೊಳೆಗೇರಿ ನಿರ್ಮೂಲನಾ ಮಂಡಳಿ 1970ರಲ್ಲಿ ಶುರುವಾಯಿತು. ಕರ್ನಾಟಕದಲ್ಲಿ 1973ರ ಕಾಯ್ದೆ, 1975ರಲ್ಲಿ ಮಂಡಳಿ. ಒಂದೊಂದು ಫ್ಲಾಟಿಗೂ ಸಬ್ಸಿಡಿ ಸುರಿಯಬೇಕಿತ್ತು. ಮಂಡಳಿ ನೂರು ಮನೆ ಕಟ್ಟುವ ಹೊತ್ತಿಗೆ ಊರಾಚೆ ಸಾವಿರ ಗುಡಿಸಲು ಎದ್ದಿರುತ್ತಿದ್ದವು.

ಮನೆ ಕಟ್ಟಿಕೊಡುವುದನ್ನೇ ಬಿಟ್ಟುಬಿಡಿ ಎಂದಿತು ವಿಶ್ವಬ್ಯಾಂಕ್. ಸೈಟು, ರಸ್ತೆ, ನೀರು, ಚರಂಡಿ ಕೊಡಿ. ಗೋಡೆ ಎಬ್ಬಿಸುವುದು ಜನರಿಗೆ ಬಿಟ್ಟದ್ದು. 1972ರಲ್ಲಿ ಸೆನೆಗಲ್‌ನಲ್ಲಿ ಆರಂಭವಾದ ಈ ಪ್ರಯೋಗ 1977ರಲ್ಲಿ ಮದರಾಸಿಗೆ ಬಂತು. ಬಡವರ ಪಾಲಿಗೆ ಸಣ್ಣ ಸೈಟು, ಅದರ ಮೂಲೆಯಲ್ಲಿ ಕಕ್ಕಸು, ಒಂದು ನಲ್ಲಿ, ಪಾಯ. ಕೆಲವರಿಗೆ ಜೊತೆಗೆ ಒಂದೆರಡು ಗೋಡೆ. ಮುಖ್ಯರಸ್ತೆಯ ಅಂಚಿನ ದೊಡ್ಡ ಸೈಟುಗಳನ್ನು ಉಳ್ಳವರಿಗೆ ಮಾರಿ, ಬಂದ ಹಣದಲ್ಲಿ ಸಣ್ಣ ಸೈಟಿನ ಬೆಲೆ ಇಳಿಸುವುದು ಲೆಕ್ಕಾಚಾರ. 1985ರಲ್ಲಿ ಮುಂಬೈಗೂ ಇದೇ ಬಂತು. ಕಾಂದಿವಲಿ ಬಳಿಯ ಚಾರ್‌ಕೋಪ್‌ನಲ್ಲಿ ಸುಮಾರು 35 ಮನೆಗಳಿಗೊಂದು ಅಂಗಳ, ಅಂಗಳಕ್ಕೊಂದು ಸಹಕಾರ ಸಂಘ ಎಂಬಂತೆ ಸೈಟು ಹಂಚಿದರು.

ಆದರೆ ಯೋಜನೆಯ ಅವಧಿ ಮುಗಿದು ಲೆಕ್ಕಪತ್ರ ಒಪ್ಪಿಸುವಾಗ ಎಷ್ಟೋ ಸೈಟುಗಳು ಖಾಲಿ ಬಿದ್ದಿದ್ದವು. ಕಂತು ಸರಿಯಾಗಿ ವಸೂಲಾಗಿರಲಿಲ್ಲ. ಜಾಗ ಊರಿಂದ ದೂರ, ಬಸ್ಸಿಲ್ಲ, ಕೆಲಸವಿಲ್ಲ ಎಂಬ ದೂರು. ಸೈಟು ಮಾರಿಕೊಂಡು ಹೋದರು ಎಂಬ ಆರೋಪ. ಅಷ್ಟರಲ್ಲಿ ಬ್ಯಾಂಕಿನ ಒಲವೂ ಬದಲಾಗಿತ್ತು. 1988ರಲ್ಲಿ ಅದು 25 ಕೋಟಿ ಡಾಲರ್ ಸಾಲ ಕೊಟ್ಟದ್ದು ಎಚ್‌ಡಿಎಫ್‌ಸಿಗೆ, ಅಂದರೆ ಸಂಬಳದ ಚೀಟಿ ತೋರಿಸಬಲ್ಲವರ ಗೃಹಸಾಲಕ್ಕೆ. ಬ್ಯಾಂಕಿನ 1993ರ ವಸತಿ ನೀತಿ ಪತ್ರದ ಹೊತ್ತಿಗೆ ಸೈಟು ಹಂಚುವ ಯೋಜನೆಗಳು ಬದಿಗೆ ಸರಿದವು.

ಎರಡು ದಶಕ ಕಳೆದ ಮೇಲೆ ಸಂಶೋಧಕರು ಇದೇ ಬಡಾವಣೆಗಳಿಗೆ ಮರಳಿದಾಗ ಸೈಟುಗಳೆಲ್ಲ ತುಂಬಿದ್ದವು. ಒಂದು ಕೋಣೆ ಮೂರು ಅಂತಸ್ತಾಗಿತ್ತು. ಬಡವರು, ಮಧ್ಯಮ ವರ್ಗದವರು ಒಂದೇ ಬೀದಿಯಲ್ಲಿದ್ದರು. ಟಾಂಜಾನಿಯಾದ ದಾರ್ ಎಸ್ ಸಲಾಮ್‌ನ ಸಿಂಝಾದಂಥ ಇದೇ ಬಗೆಯ ಬಡಾವಣೆಗಳಲ್ಲೂ ಮನೆಗಳು ಚೆನ್ನಾಗಿ ಬೆಳೆದಿದ್ದವು, ಆದರೆ ಅಲ್ಲೀಗ ಇರುವವರಲ್ಲಿ ಅನುಕೂಲಸ್ಥರೇ ಹೆಚ್ಚು. ಗೆದ್ದದ್ದು ಬಡಾವಣೆಯೋ ಮೊದಲು ಸೈಟು ಪಡೆದ ಬಡವನೋ ಎಂದು ಕೇಳಿದರೆ ಎಲ್ಲ ಕಡೆಗೂ ಒಂದೇ ಉತ್ತರವಿಲ್ಲ. ಮೇಸ್ತ್ರಿಯ ಕೂಲಿಗೆ ದುಡ್ಡು ಕೂಡಿದಾಗಲೆಲ್ಲ ಒಂದೊಂದು ಗೋಡೆ ಏರಿಸುವ ಕುಟುಂಬವನ್ನು ಐದಾರು ವರ್ಷದ ಯೋಜನೆಯ ಗಡುವಿನಲ್ಲಿ ಅಳೆದದ್ದು ಮಾತ್ರ ತಪ್ಪು ಅಳತೆ.

ಹೊಸ ಸೈಟಿನ ಕಥೆ ಇದಾದರೆ, ಇದ್ದ ಕೊಳೆಗೇರಿಯನ್ನೇ ಸುಧಾರಿಸುವ ಕೆಲಸದಲ್ಲಿ ತೊಡಕು ಬೇರೆ. ಮದರಾಸಿನಲ್ಲಿ ರಸ್ತೆ, ನಲ್ಲಿ, ಬೀದಿದೀಪ ಬಂದವು. ಮನೆ ನಿಂತ ನೆಲವನ್ನು ಕಂತಿನ ಮೇಲೆ ಅಲ್ಲಿನ ನಿವಾಸಿಗಳಿಗೇ ಬರೆದುಕೊಡುವ ಮಾತೂ ಆಗಿತ್ತು. ಆದರೆ ನೆಲ ಒಂದು ಇಲಾಖೆಯದು, ಯೋಜನೆ ಇನ್ನೊಂದರದು. ನೆಲ ಕೊಳೆಗೇರಿ ಮಂಡಳಿಯ ಹೆಸರಿಗೆ ವರ್ಗವಾಗದೆ ಎಷ್ಟೋ ಮನೆಗಳಿಗೆ ದಶಕಗಳಾದರೂ ಕ್ರಯಪತ್ರ ಸಿಗಲಿಲ್ಲ. ಸಾಲದ ಹಣದಲ್ಲಿ ಸಿಮೆಂಟು, ಪೈಪು ಬರುತ್ತವೆ. ಕಂದಾಯ ಇಲಾಖೆಯ ಕಡತ ಮೇಜಿಂದ ಮೇಜಿಗೆ ಸರಿಯುವುದಿಲ್ಲ.

ಇಂದೋರ್‌ನಲ್ಲಿ ಬ್ರಿಟಿಷ್ ನೆರವಿನಿಂದ ಕೊಳೆಗೇರಿಗಳ ಒಳಚರಂಡಿಯನ್ನು ಇಡೀ ಊರಿನ ಜಾಲಕ್ಕೆ ಜೋಡಿಸಿದರು. 1998ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಹಿಂದೆಯೇ ಟೀಕೆಯೂ ಬಂತು: ಕಕ್ಕಸಿಗೆ ಸುರಿಯಲು ನೀರೇ ಇಲ್ಲದ ಕಡೆ ಪೈಪು ಕಟ್ಟಿಕೊಂಡಿದೆ, ಬಿಡಿಸುವವರಿಲ್ಲ. ಉದ್ಘಾಟನೆಗೆ ಅನುದಾನ ಸಿಗುತ್ತದೆ, ಮ್ಯಾನ್‌ಹೋಲಿನ ಹೂಳೆತ್ತಲು ಪಾಲಿಕೆಯ ಬಜೆಟ್ಟೇ ಗತಿ.

ಬೆಂಗಳೂರಿನದು ಇದಕ್ಕಿಂತ ಸಣ್ಣ ಪ್ರಯೋಗ, ನನ್ನ ಮಟ್ಟಿಗೆ ಹೆಚ್ಚು ಜಾಣತನದ್ದು. 2000ದ ಆಸುಪಾಸಿನಲ್ಲಿ ಆಸ್ಟ್ರೇಲಿಯಾದ ನೆರವಿನೊಂದಿಗೆ ಜಲಮಂಡಳಿ ಕೆಲವು ಕೊಳೆಗೇರಿಗಳ ಮನೆಮನೆಗೆ ನೀರು ಕೊಡಲು ಹೊರಟಾಗ ಹಕ್ಕುಪತ್ರದ ಗಂಟು ಎದುರಾಯಿತು. ಅದನ್ನು ಬಿಚ್ಚುತ್ತ ಕೂರದೆ, ರೇಷನ್ ಕಾರ್ಡಿನಂಥ ವಾಸದ ದಾಖಲೆ ಸಾಕು ಎಂದಿತು ಮಂಡಳಿ. ಸಂಪರ್ಕ ಶುಲ್ಕವನ್ನೂ ಇಳಿಸಿತು. ಮನೆಯ ಒಡೆತನದ ಪ್ರಶ್ನೆ ಇದ್ದಲ್ಲೇ ಇತ್ತು, ಕೊಡ ಹಿಡಿದು ಬೀದಿ ನಲ್ಲಿಗೆ ಹೋಗುವುದು ಕೆಲವರಿಗಾದರೂ ತಪ್ಪಿತು.

2020ರಲ್ಲಿ ವಿಶ್ವಬ್ಯಾಂಕ್ ಮತ್ತೆ ತಮಿಳುನಾಡಿನ ವಸತಿಗೆ ಸಾಲ ಮಂಜೂರು ಮಾಡಿದೆ. 2021ರಲ್ಲಿ ಅಲ್ಲಿನ ಮಂಡಳಿಯ ಹೆಸರಿನಿಂದ ‘ಕೊಳೆಗೇರಿ ನಿರ್ಮೂಲನೆ’ ಹೋಗಿ ‘ನಗರ ಆವಾಸ ಅಭಿವೃದ್ಧಿ’ ಬಂದಿದೆ. ಈ ನಡುವೆ ಸರ್ಕಾರ ಫ್ಲಾಟಿಗೇ ಮರಳಿ, ಚೆನ್ನೈನ ದಕ್ಷಿಣದ ಅಂಚಿನ ಪೆರುಂಬಾಕ್ಕಂನಲ್ಲಿ ಎಂಟು ಅಂತಸ್ತಿನ ಬ್ಲಾಕುಗಳನ್ನು ಎಬ್ಬಿಸಿ ನದಿದಂಡೆಯ ಕುಟುಂಬಗಳನ್ನು ಅಲ್ಲಿಗೆ ಕಳಿಸಿತು. ಊರಿಂದ ದೂರ, ಕೆಲಸವಿಲ್ಲ ಎಂಬ ದೂರು ಅಲ್ಲೂ ಇದೆ. ಕೆಳಗೆ ಅಂಗಡಿ ತೆರೆದು, ಮೇಲೊಂದು ಕೋಣೆ ಏರಿಸಿ ಬಾಡಿಗೆಗೆ ಕೊಡುವ ದಾರಿ ಮಾತ್ರ ಈ ಫ್ಲಾಟುಗಳಲ್ಲಿಲ್ಲ.