ಅತ್ತಿಮರ ತೋರಿಸಿದ ಮಟ್ಟ

ಬೇಲೂರಿನ ಹೊರವಲಯದಲ್ಲಿ, ಯಗಚಿ ಹೊಳೆಯ ದಡದ ಒಂದು ಕರಕುಶಲ ಶಾಲೆಗೆ ನಕ್ಷೆ ಮಾಡಿಕೊಡಲು ಒಪ್ಪಿಕೊಂಡಾಗ ಕೈಗೆ ಬಂದ ಪಟ್ಟಿಯಲ್ಲಿ ಮೊದಲನೆಯದು ಕಾಂಪೌಂಡ್ ಗೋಡೆ, ಎರಡನೆಯದು ಗೇಟು. ತರಗತಿಗಳ ಮಾತು ಆಮೇಲೆ. ಜಾಗ ಅಳೆಯಲು ಹೋದ ದಿನ ಬಟ್ಟೆಯ ಗಂಟು ಹೊತ್ತ ಹೆಂಗಸರು, ದನ ಹೊಡೆದುಕೊಂಡು ಬಂದ ಹುಡುಗ ಎಲ್ಲರೂ ನನ್ನ ಟೇಪನ್ನು ದಾಟಿಕೊಂಡೇ ಹೊಳೆಗೆ ಇಳಿದರು. ಗೋಡೆ ಎದ್ದರೆ ಇವರ ದಾರಿಗೇ ಅಡ್ಡ. ಆಮೇಲೆ ‘ಎಲ್ಲರಿಗೂ ಸ್ವಾಗತ’ ಎಂದು ಬೋರ್ಡು ಬರೆಸಿದರೆ ಯಾರು ನಂಬುತ್ತಾರೆ? ಆ ಕಾಲುದಾರಿಯನ್ನು ಹಾಗೆಯೇ ಉಳಿಸಿಕೊಂಡು ಅದರ ಎರಡೂ ಬದಿಗೆ ಶಾಲೆಯನ್ನು ಕೂರಿಸಿದೆ.

ಫೆಬ್ರವರಿಯ ಹೊಳೆಯನ್ನು ನಂಬಿ ಪಾಯ ಹಾಕಬಾರದು. ಊರಿನ ಮೇಲ್ಗಡೆ ಯಗಚಿ ಅಣೆಕಟ್ಟಿದೆ. ನೀರು ಹುಟ್ಟುವುದು ಬಾಬಾಬುಡನ್‌ಗಿರಿ ಸಾಲಿನಲ್ಲಿ. ಅಲ್ಲಿ ಸುರಿದು, ಇಲ್ಲಿ ಗೇಟು ಎತ್ತಿದರೆ, ಬೇಲೂರಿನಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ಮಟ್ಟ ತೋರಿಸಿದ್ದು ಬಟ್ಟೆ ಒಗೆಯುತ್ತಿದ್ದ ಒಬ್ಬ ಅಜ್ಜಿ. “ಆ ಅತ್ತಿಮರದ ಕವಲು ನೋಡಪ್ಪ, ಅಲ್ಲಿ ಸಿಕ್ಕಿಕೊಂಡಿರುವ ಕಸ ನಾವು ಎಸೆದದ್ದಲ್ಲ” ಎಂದರು. ಆ ಕಸಕ್ಕಿಂತ ಎರಡು ಅಡಿ ಮೇಲೆ ಶಾಲೆಯ ನೆಲಮಟ್ಟವನ್ನು ಗುರುತು ಹಾಕಿದೆ. ಅದರ ಕೆಳಗಿನ ಜಾಗದಲ್ಲಿ ನೆನೆದರೂ ಕೆಡದ ಕೆಲಸ ಮಾತ್ರ.

ಅದಕ್ಕೆ ಬಿದಿರಿಗಿಂತ ತಕ್ಕದ್ದಿಲ್ಲ. ಹಸಿ ಬಿದಿರಿನೊಳಗಿನ ಪಿಷ್ಟಕ್ಕೆ ಕುಟ್ಟೆಹುಳು ಬೀಳುತ್ತದೆ. ಕೆಲವು ವಾರ ಹರಿವ ನೀರಿನಲ್ಲಿ ಕಲ್ಲು ಹೇರಿ ಮುಳುಗಿಸಿಟ್ಟರೆ ಪಿಷ್ಟ ಕರಗಿ ಹೋಗುತ್ತದೆ. ಬುಟ್ಟಿ, ಮೊರ ಬಾಳಿಕೆ ಬರುತ್ತವೆ. ಮೇದರಿಗೆ ಗೊತ್ತಿರುವ ಮಾತೇ ಇದು, ನಾನು ಕಲಿತದ್ದು ತಡವಾಗಿ. ಹಾಗಾಗಿ ಹೊಳೆಯ ಬದಿಗೆ ಮೆಟ್ಟಿಲು, ಅದರ ಮೇಲೆ ಗೋಡೆಯಿಲ್ಲದ ಹೆಂಚಿನ ಚಪ್ಪರ.

ಕಲ್ಲಿನ ಕೆಲಸ ಇದಕ್ಕೆ ತದ್ವಿರುದ್ಧ. ಒಂದು ಘನ ಅಡಿ ಬಳಪದ ಕಲ್ಲು ಸುಮಾರು 75–80 ಕೆಜಿ ತೂಗುತ್ತದೆ, ಲಾರಿ ನಿಲ್ಲುವ ರಸ್ತೆಯ ಬದಿಗೇ ಅದು ಇಳಿಯಬೇಕು. ಮಳೆಗಾಲದ ಗಾಳಿ ಪಶ್ಚಿಮ, ನೈರುತ್ಯದಿಂದ ಬೀಸುವುದರಿಂದ ಈ ಶೆಡ್ಡನ್ನು ಪೂರ್ವದ ತುದಿಗೆ ಹಾಕಿದೆ, ಗ್ರೈಂಡರಿನ ದೂಳು ಉಳಿದವರ ಎದೆಗೆ ಹೋಗಬಾರದಲ್ಲ. ತೊಳೆದ ನೀರು ಎರಡು ಗುಂಡಿಗಳಲ್ಲಿ ತಂಗಿ, ಹಿಟ್ಟನ್ನು ಕೆಳಗೆ ಬಿಟ್ಟು ಮುಂದೆ ಹೋಗುತ್ತದೆ.

ಬೆಳಕಿನ ವಿಷಯದಲ್ಲಿ ನಾನು ಎಡವಿದೆ. ಕಾಲೇಜಿನಲ್ಲಿ ಕಲಿತಂತೆ ಸೂರಿನ ಉತ್ತರಕ್ಕೆ ಗಾಜಿಟ್ಟು, ಎಲ್ಲೆಡೆ ಸಮನಾದ ಬೆಳಕು ಬೀಳುವಂತೆ ಬರೆದಿದ್ದೆ. ಮೊದಲ ತಪ್ಪು ಲೆಕ್ಕದ್ದು: ಬೇಲೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಮೇ ತಿಂಗಳ ಬಿಸಿಲು ನೇರ ಒಳಗೆ. ಎರಡನೆಯದನ್ನು ತೋರಿಸಿಕೊಟ್ಟವರು ಶಾಲೆಯಲ್ಲಿ ಕಲಿಸಲು ಬರಲಿದ್ದ ಹಿರಿಯ ಶಿಲ್ಪಿ. ಒಂದು ಸಣ್ಣ ಮದನಿಕೆಯ ಮುಖವನ್ನು ನನ್ನ ಮಾದರಿ ಸೂರಿನ ಕೆಳಗಿಟ್ಟರು, ಮುಖ ಚಪ್ಪಟೆ. ಜಗಲಿಯ ಅಂಚಿಗೆ ತಂದಿಟ್ಟರು. ಪಕ್ಕದಿಂದ ಬಿದ್ದ ಬೆಳಕಿಗೆ ರೆಪ್ಪೆಯ ನೆರಳು ಕೆನ್ನೆಗೆ ಇಳಿಯಿತು. “ಉಳಿ ಎಷ್ಟು ಇಳಿದಿದೆ ಎಂದು ನೆರಳೇ ಹೇಳಬೇಕು ಸಾರ್” ಎಂದರು. ಗಾಜು ಹೋಯಿತು, ಜಗಲಿ ಅಗಲವಾಯಿತು, ದುಡ್ಡೂ ಉಳಿಯಿತು.

ಆ ಜಗಲಿ ಕಾಲುದಾರಿಗೆ ತಾಗಿಕೊಂಡೇ ಇದೆ, ಕೂರುವಷ್ಟು ಎತ್ತರಕ್ಕೆ. ಹೊಳೆಯಿಂದ ಬರುವವರು ಗಂಟು ಇಳಿಸಿ ಕೂರುತ್ತಾರೆ, ಉಳಿಯ ಕೆಲಸ ನೋಡುತ್ತಾರೆ, ತಪ್ಪೂ ಹೇಳುತ್ತಾರೆ. ಶೌಚಾಲಯದ ಬಾಗಿಲನ್ನು ದಾರಿಯ ಕಡೆಗೇ ಇಟ್ಟಿದ್ದಕ್ಕೆ ಸಮಿತಿಯಲ್ಲಿ ಮೂರು ಸಭೆ ಜಗಳವಾಯಿತು. ತೊಳೆಯುವವರ ಸಂಬಳ ಯಾರದು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಬೀಗ ಇರುವುದು ಉಪಕರಣದ ಕೋಣೆಗೆ ಮಾತ್ರ.

ಕಳೆದ ಮಳೆಗಾಲದಲ್ಲಿ ನೀರು ಚಪ್ಪರದ ಕಂಬಗಳವರೆಗೆ ಬಂದು ಒಂದು ರಾತ್ರಿ ನಿಂತು ಹೋಯಿತು. ಕೊಚ್ಚಿಹೋದದ್ದು ಎರಡು ಕಟ್ಟು ಬಿದಿರು ದಬ್ಬೆ, ಒಂದು ಪ್ಲಾಸ್ಟಿಕ್ ಕುರ್ಚಿ. ಕುರ್ಚಿ ಅತ್ತಿಮರದಲ್ಲಿ ಸಿಕ್ಕಿತು.