ಮಿದುಳಿನ ಹೊರಮೈ ಚಿತ್ರದ ಮೇಲಿನ ಕೆಂಪು ಮಚ್ಚೆ ಎಲ್ಲಿಂದ ಬಂತು?

ಶಬ್ದ ಕೇಳಿಸಿ ಮಾಡಿದ ಒಂದು ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆ ಅಳೆಯುವ ಸ್ಕ್ಯಾನ್) ಪ್ರಯೋಗವನ್ನೇ ತೆಗೆದುಕೊಳ್ಳೋಣ. ಪ್ರಾಥಮಿಕ ಶ್ರವಣ ಕಾರ್ಟೆಕ್ಸ್, ಅಂದರೆ ಶಬ್ದಕ್ಕೆ ಮೀಸಲಾದ ಮಿದುಳಿನ ಹೊರಪದರ, ಇರುವುದು ಹೆಶ್ಲ್ ಗೈರಸ್ ಎಂಬ ಮಡಿಕೆಯಲ್ಲಿ. ಆ ಗೈರಸ್ ಕಿವಿಯ ಬಳಿಯ ಟೆಂಪೊರಲ್ ಲೋಬಿನ ಮೇಲ್ಮೈಯಲ್ಲಿ, ಆ ಲೋಬಿನ ಮೇಲಂಚಿನ ಸಿಲ್ವಿಯನ್ ಸೀಳಿನ ಒಳಗೆ ಅಡಗಿ ಕುಳಿತಿದೆ. ಇಡೀ ಮಿದುಳನ್ನು ಕೈಯಲ್ಲಿ ಹಿಡಿದು ಪಕ್ಕದಿಂದ ನೋಡಿದರೂ ಅದು ಕಾಣುವುದಿಲ್ಲ. ಹಾಗಿದ್ದೂ ಹೊರಮೈ ಚಿತ್ರದಲ್ಲಿ ಟೆಂಪೊರಲ್ ಲೋಬಿನ ಪಕ್ಕಕ್ಕೆ ದೊಡ್ಡ ಕೆಂಪು ಮಚ್ಚೆ ಬಂದಿರುತ್ತದೆ. ನಾನು ಮೊದಲ ಸಲ ಇಂಥ ಚಿತ್ರ ಮಾಡಿದಾಗ ಆ ಮಚ್ಚೆಯನ್ನು ಹಾಗೆಯೇ ನಂಬಿದ್ದೆ. ಅದು ಅಳತೆ ಮಾಡಿದ ಜಾಗವಲ್ಲ, ಲೆಕ್ಕ ಹಾಕಿ ಕೂರಿಸಿದ ಬಣ್ಣ ಎಂದು ತಿಳಿದದ್ದು ಆಮೇಲೆ.

ಆ ಲೆಕ್ಕ ಎರಡು ಬಗೆಯದು. ಎಸ್‌ಪಿಎಂ ಎಂಬ ತಂತ್ರಾಂಶದ ರೆಂಡರ್ ಚಿತ್ರದಲ್ಲಿ ಒಳಗಿನ ಚಟುವಟಿಕೆಯನ್ನು ನೋಡುವವರ ಕಣ್ಣಿನ ದಿಕ್ಕಿಗೆ ಹೊರಕ್ಕೆ ತಂದು ಬಳಿಯಲಾಗುತ್ತದೆ. ಆಳ ಹೆಚ್ಚಿದಂತೆ ಹೊಳಪು ಕುಗ್ಗುತ್ತದೆ, 10 ಮಿ.ಮೀ. ಆಳದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅಂದರೆ ಪಕ್ಕದಲ್ಲಿ ಕಾಣುವ ಮಸುಕು ಕೆಂಪು ಸೀಳಿನೊಳಗಿನದ್ದೂ ಆಗಿರಬಹುದು. ಅಂಥ ಚಿತ್ರ ನೋಡಿ ಗೈರಸ್‌ನ ಹೆಸರು ಬರೆಯಬಾರದು, ಇದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು ಫ್ರೀಸರ್ಫರ್‌ನಂಥ ತಂತ್ರಾಂಶಗಳ ದಾರಿ. ಕಾರ್ಟೆಕ್ಸಿನ ಕೆಳಗಿನ ಬಿಳಿ ದ್ರವ್ಯದ ಗಡಿಗೊಂದು, ಕಾರ್ಟೆಕ್ಸಿನ ಹೊರಗಡಿಗೊಂದು ತ್ರಿಕೋನಗಳ ಜಾಲ ಕಟ್ಟಿ, ಇವೆರಡರ ನಡುವೆ, ಸಾಮಾನ್ಯವಾಗಿ ಅರ್ಧ ದಪ್ಪದಲ್ಲಿ, ಪ್ರತಿ ಬಿಂದುವಿಗೂ ವೋಕ್ಸೆಲ್‌ನ (ಸ್ಕ್ಯಾನಿನ ಒಂದು ಪುಟ್ಟ ಘನದ) ಬೆಲೆ ಓದಿಕೊಳ್ಳುತ್ತವೆ. ಇದು ಎಷ್ಟೋ ಪ್ರಾಮಾಣಿಕ. ಆದರೆ ಕಾರ್ಟೆಕ್ಸಿನ ಸರಾಸರಿ ದಪ್ಪ ಸುಮಾರು 2.5 ಮಿ.ಮೀ. ವೋಕ್ಸೆಲ್ 3 ಮಿ.ಮೀ. ಇದ್ದು, ಮೇಲೆ 8 ಮಿ.ಮೀ. ಸ್ಮೂದಿಂಗ್ (ಅಕ್ಕಪಕ್ಕದ ಬೆಲೆಗಳನ್ನು ಬೆರೆಸಿ ನುಣುಪಾಗಿಸುವುದು) ಕೂಡ ಮಾಡಿದ್ದರೆ, ಸಿಲ್ವಿಯನ್ ಸೀಳಿನ ಕೆಳದಂಡೆಯ ಸಿಗ್ನಲ್ ಮೇಲ್ದಂಡೆಗೂ ಹರಡಿರುತ್ತದೆ. ನೇರವಾಗಿ ಅಳೆದರೆ ಎರಡೂ ದಂಡೆಗಳ ನಡುವೆ ಕೆಲವೇ ಮಿ.ಮೀ.; ಹೊರಮೈಯ ಮೇಲೆ ನಡೆದು ಹೋದರೆ ಸೀಳಿನ ತಳಕ್ಕಿಳಿದು ಮತ್ತೆ ಹತ್ತಬೇಕು, ಹಲವು ಸೆಂ.ಮೀ. ದಾರಿ. ಹೀಗಾಗಿ ಮಡಿಕೆಗಳನ್ನು ಬಿಡಿಸಿ ಉಬ್ಬಿಸಿದ ಚಿತ್ರದಲ್ಲಿ ಶ್ರವಣ ಪ್ರದೇಶದ ಜೊತೆಗೆ ಮೇಲ್ದಂಡೆಯ ಪರೈಟಲ್ ಒಪರ್ಕ್ಯುಲಮ್ ಕೂಡ ಕೆಂಪಾಗಿ, ಒಂದೇ ಚಟುವಟಿಕೆ ಎರಡು ದ್ವೀಪಗಳಂತೆ ಕಾಣುತ್ತದೆ. ಸ್ಮೂದಿಂಗ್ ಬೇಕೇ ಬೇಕೆಂದಿದ್ದರೆ ಬೆಲೆಗಳನ್ನು ಜಾಲಕ್ಕೆ ತಂದ ಮೇಲೆ, ಹೊರಮೈಯ ಉದ್ದಕ್ಕೂ ಮಾಡುವುದು ಒಳ್ಳೆಯದು.

ಇನ್ನೊಂದು ತಪ್ಪು ಬಹಳ ಸದ್ದಿಲ್ಲದೆ ನುಸುಳುತ್ತದೆ: ಥ್ರೆಶೋಲ್ಡ್ (ಇದಕ್ಕಿಂತ ಕಡಿಮೆ ಬೆಲೆಗಳನ್ನು ಸೊನ್ನೆ ಮಾಡುವ ಮಿತಿ) ಹಾಕಿದ ಫೈಲನ್ನೇ ಜಾಲದ ಮೇಲೆ ಇಳಿಸುವುದು. ಥ್ರೆಶೋಲ್ಡ್ 3.1 ಎನ್ನಿ. ಅಕ್ಕಪಕ್ಕದ ಎರಡು ವೋಕ್ಸೆಲ್‌ಗಳ ಬೆಲೆ 3.5 ಮತ್ತು 2.9. ಜಾಲದ ಬಿಂದು ಸರಿಯಾಗಿ ನಡುವೆ ಬಿದ್ದರೆ ಅದರ ಬೆಲೆ 3.2, ಬಣ್ಣ ಬರಬೇಕು. ಆದರೆ ಮೊದಲೇ ಥ್ರೆಶೋಲ್ಡ್ ಹಾಕಿದ್ದರೆ 2.9 ಸೊನ್ನೆಯಾಗಿ, ನಡುವಿನ ಬೆಲೆ 1.75ಕ್ಕೆ ಕುಸಿಯುತ್ತದೆ. ಅಲ್ಲಿ ಬಣ್ಣ ಮಾಯ, ಅಥವಾ ಅಂಚಿನಲ್ಲಿ ಇಲ್ಲದ ಸಣ್ಣ ಬೆಲೆಗಳ ಬಳೆ. ಆದ್ದರಿಂದ ಪೂರ್ತಿ ನಕ್ಷೆಯನ್ನು ಇಳಿಸಿ, ಥ್ರೆಶೋಲ್ಡನ್ನು ಕೊನೆಗೆ ಹಾಕಿ. ಅಟ್ಲಾಸಿನ (ಮಿದುಳಿನ ಪ್ರದೇಶಗಳಿಗೆ ಸಂಖ್ಯೆ ಕೊಟ್ಟ ನಕ್ಷೆಯ) ಪ್ರದೇಶ ಸಂಖ್ಯೆಗಳಿಗಾದರೆ ಸರಾಸರಿಯೇ ಕೂಡದು, ಹತ್ತಿರದ ವೋಕ್ಸೆಲ್‌ನ ಬೆಲೆಯನ್ನೇ ತೆಗೆದುಕೊಳ್ಳಬೇಕು. ಸರಾಸರಿ ತೆಗೆದರೆ 4 ಮತ್ತು 8ರ ನಡುವೆ 6 ಎಂಬ ಬೇರೆಯೇ ಪ್ರದೇಶ ಹುಟ್ಟಿಬಿಡುತ್ತದೆ.

ಯಾರ ಮಿದುಳಿನ ಮೇಲೆ ಬಳಿಯುತ್ತಿದ್ದೀರಿ ಎಂಬುದೂ ಮುಖ್ಯ. ಕಾಲಿನ್27 ಎಂಬ ಮಾದರಿ ಮಿದುಳು ಒಬ್ಬನೇ ವ್ಯಕ್ತಿಯ 27 ಸ್ಕ್ಯಾನ್‌ಗಳ ಸರಾಸರಿ. ಮಡಿಕೆಗಳು ಚೂಪಾಗಿ ಕಾಣುತ್ತವೆ, ಆದರೆ ಅವು ನಿಮ್ಮ ಗುಂಪಿನ ಮಡಿಕೆಗಳಲ್ಲ. ಎಂಎನ್‌ಐ152 ಎಂಬ ಇನ್ನೊಂದು ಮಾದರಿ ನೂರೈವತ್ತೆರಡು ಜನರ ಸರಾಸರಿ. ಒಂದರ ನಿರ್ದೇಶಾಂಕದಲ್ಲಿರುವ ಫಲಿತಾಂಶವನ್ನು ಇನ್ನೊಂದರ ಹೊರಮೈಗೆ ಹೊದಿಸಿದರೆ ಮಚ್ಚೆ ಸೀಳನ್ನು ದಾಟಿ ಪಕ್ಕದ ಗೈರಸ್‌ಗೆ ಹೋಗಬಹುದು. ಫ್ರೀಸರ್ಫರ್‌ನ ಎಫ್‌ಎಸ್‌ಆವರೇಜ್ ಎಂಬ ಮಾದರಿ ಹೊರಮೈಯಲ್ಲಿ ಅರ್ಧಗೋಳಕ್ಕೆ 1,63,842 ಬಿಂದುಗಳಿವೆ. ಅಷ್ಟು ನುಣುಪಾದ ಜಾಲ ನೋಡಿ, 3 ಮಿ.ಮೀ.ಯ ದತ್ತಾಂಶವೂ ಅಷ್ಟೇ ಸೂಕ್ಷ್ಮ ಎಂದುಕೊಳ್ಳಬೇಡಿ.

ಚಿತ್ರ ಮುಗಿದ ಮೇಲೆ ನಾನು ಮಾಡುವ ಪರೀಕ್ಷೆ ಇದು. ಮಚ್ಚೆಯ ಅತಿ ಹೆಚ್ಚು ಬೆಲೆಯ ಬಿಂದುವಿನ ನಿರ್ದೇಶಾಂಕ ಬರೆದುಕೊಂಡು, ಮೂಲ ನಕ್ಷೆಯ ಕರೋನಲ್ (ಮುಖಕ್ಕೆ ಸಮಾನಾಂತರವಾದ) ಹೋಳಿನಲ್ಲಿ ಅದೇ ಜಾಗಕ್ಕೆ ಹೋಗುತ್ತೇನೆ. ಎಕ್ಸ್‌ ಬೆಲೆ ಋಣವಾಗಿದ್ದರೆ ಅದು ಎಡಗಡೆ, ಪರದೆಯಲ್ಲಿ ಯಾವ ಕಡೆ ಕಂಡರೂ ಸರಿ. ಅಲ್ಲಿ ಕೆಂಪು ಸೀಳಿನ ಕೆಳದಂಡೆಯಲ್ಲಿದ್ದರೆ ಹೆಶ್ಲ್ ಎಂದು ಬರೆಯುತ್ತೇನೆ. ಸೀಳಿನ ನಡುವಿನ ದ್ರವದಲ್ಲಿದ್ದರೆ ಹೊರಮೈ ಚಿತ್ರವನ್ನು ಪಕ್ಕಕ್ಕಿಟ್ಟು, ರೆಜಿಸ್ಟ್ರೇಷನ್‌ನಿಂದ (ಸ್ಕ್ಯಾನ್‌ಗಳನ್ನು ಒಂದಕ್ಕೊಂದು ಹೊಂದಿಸುವ ಹಂತದಿಂದ) ಮತ್ತೆ ಶುರು ಮಾಡುತ್ತೇನೆ.